ರೆಮಿಡಿಯಲ್ ಪಟ್ಟಿಯಲ್ಲಿ ಹೆಸರು ಬಂದಾಗ: ಹಾಜರಾತಿ, ಇಂಟರ್ನಲ್ಸ್, ಬ್ಯಾಕ್‌ಲಾಗ್ ಲೆಕ್ಕದ ಮಾರ್ಗದರ್ಶಿ

ಮೊದಲ ಇಂಟರ್ನಲ್ ಟೆಸ್ಟ್ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ) ಮುಗಿದ ಕೆಲವೇ ದಿನಗಳಲ್ಲಿ ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬರುತ್ತದೆ. ಮೇಲೆ ‘ರೆಮಿಡಿಯಲ್ ತರಗತಿ’ ಎಂಬ ತಲೆಬರಹ, ಕೆಳಗೆ ನೋಂದಣಿ ಸಂಖ್ಯೆ, ಹೆಸರು, ವಿಷಯ. ಪಾಠದಲ್ಲಿ ಹಿಂದೆ ಬಿದ್ದವರಿಗೆ ಕಾಲೇಜು ಮಾಡುವ ಹೆಚ್ಚುವರಿ ತರಗತಿ ಇದು. ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಕಾಲೇಜುಗಳಲ್ಲಿ ಮಕ್ಕಳು ಅದನ್ನು ಓದಿ ಸುಮ್ಮನೆ ಸರಿದುಹೋಗುತ್ತಾರೆ. “ದಡ್ಡರ ಲಿಸ್ಟಿನ್ಯಾಗ ನನ್ನ ಹೆಸರ ಹಾಕ್ಯಾರ” ಎಂಬ ಸಂಕಟ. ಮನೆಯಲ್ಲಿ ಹೇಳುವುದಿಲ್ಲ, ತರಗತಿಗೂ ಹೋಗುವುದಿಲ್ಲ.

ಆ ಪಟ್ಟಿ ನಿಮ್ಮ ಅಂಕಪಟ್ಟಿಯ ಮೇಲೆ ಬರುವುದಿಲ್ಲ, ಟಿಸಿಯಲ್ಲೂ ಇರುವುದಿಲ್ಲ. ಕೆಲಸ ಕೊಡುವವರು ಅದನ್ನು ಎಂದೂ ನೋಡುವುದಿಲ್ಲ. ಆದರೆ ಅದು ಬರುವ ಸಮಯ ಬಹಳ ಮುಖ್ಯ. ಸೆಮಿಸ್ಟರ್ ಪರೀಕ್ಷೆಯಲ್ಲಿ ಫೇಲಾದರೆ ಮತ್ತೆ ಬರೆಯಬಹುದು. ಹಾಜರಾತಿಯಲ್ಲಿ ಬಿದ್ದರೆ, ಅಥವಾ ಎಂಜಿನಿಯರಿಂಗ್ ಓದುವವರು ಇಂಟರ್ನಲ್ಸ್‌ನಲ್ಲಿ ಬಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಈ ಎರಡನ್ನೂ ಸರಿಮಾಡಿಕೊಳ್ಳಲು ಇನ್ನೂ ಅವಕಾಶವಿರುವ ವಾರಗಳಲ್ಲೇ ರೆಮಿಡಿಯಲ್ ತರಗತಿ ಶುರುವಾಗುತ್ತದೆ. ಹಾಗಾಗಿ ಈ ಲೇಖನದ ಹೆಚ್ಚಿನ ಮಾತು ಪರೀಕ್ಷೆಯ ಬಗ್ಗೆ ಅಲ್ಲ, ಪರೀಕ್ಷೆಗೆ ಮುಂಚಿನ ಎಂಟು–ಹತ್ತು ವಾರಗಳ ಬಗ್ಗೆ.

ಹೆಸರು ಪಟ್ಟಿಗೆ ಬರುವುದು ಹೇಗೆ

ಶಾಲೆಯಲ್ಲಿ ವರ್ಷದ ಆರಂಭಕ್ಕೆ ಸೇತುಬಂಧ ಮಾಡುತ್ತಿದ್ದರು, ನೆನಪಿರಬೇಕು. ಮೊದಲು ಒಂದು ಪೂರ್ವ ಪರೀಕ್ಷೆ, ಆಮೇಲೆ ಕೆಲವು ದಿನ ಹಿಂದಿನ ತರಗತಿಯ ಪಾಠ. ಕಾಲೇಜಿನಲ್ಲೂ ಅಂಥದ್ದೇ ಎರಡು ವ್ಯವಸ್ಥೆಗಳಿವೆ. ಪ್ರವೇಶ ಆದ ಕೂಡಲೇ ನಡೆಯುವುದು ಬ್ರಿಜ್ ಕೋರ್ಸ್. ಪಿಯುಸಿಯಲ್ಲಿ ಕಾಮರ್ಸ್ ಓದದೆ ಬಿಕಾಂಗೆ ಬಂದವರಿಗೆ ಲೆಕ್ಕಶಾಸ್ತ್ರದ ಮೂಲ ಪಾಠ, ಕನ್ನಡ ಮಾಧ್ಯಮದಿಂದ ಬಿಎಸ್ಸಿಗೆ ಬಂದವರಿಗೆ ಇಂಗ್ಲಿಷ್ ಪಾರಿಭಾಷಿಕ ಪದಗಳ ಪರಿಚಯ, ಹೀಗೆ. ಮೊದಲ ಟೆಸ್ಟಿನ ನಂತರ ನಡೆಯುವುದು ರೆಮಿಡಿಯಲ್.

ಪಟ್ಟಿ ಮಾಡುವಾಗ ಸಾಮಾನ್ಯವಾಗಿ ನೋಡುವುದು ಪಿಯುಸಿ ಅಂಕ, ಮೊದಲ ಟೆಸ್ಟಿನ ಅಂಕ, ಹಿಂದಿನ ಸೆಮಿಸ್ಟರಿನ ಫಲಿತಾಂಶ ಮತ್ತು ಪಾಠ ಮಾಡುವವರ ಅಭಿಪ್ರಾಯ. ಎಷ್ಟು ಅಂಕಕ್ಕಿಂತ ಕಡಿಮೆ ಬಂದವರನ್ನು ಸೇರಿಸಬೇಕು ಎಂಬುದನ್ನು ಕಾಲೇಜು ಅಥವಾ ವಿಭಾಗವೇ ತೀರ್ಮಾನಿಸುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಶುರುವಾದ ಮೇಲೆ, ಪ್ರವೇಶದ ನಂತರ ಕಲಿಕೆಯ ಮಟ್ಟ ಗುರುತಿಸಿ ನಿಧಾನವಾಗಿ ಕಲಿಯುವವರಿಗೂ ವೇಗವಾಗಿ ಕಲಿಯುವವರಿಗೂ ವಿಶೇಷ ಕಾರ್ಯಕ್ರಮ ಮಾಡಿದ್ದಕ್ಕೆ ದಾಖಲೆ ಇಡುವ ರೂಢಿ ಕಾಲೇಜುಗಳಲ್ಲಿ ಬಂದಿದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ರೆಮಿಡಿಯಲ್ ತರಬೇತಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಪ್ರತ್ಯೇಕ ಅನುದಾನವನ್ನೂ ಕೊಡುತ್ತಿತ್ತು. ದಾಖಲೆಗಾಗಿ ಮಾಡುವ ತರಗತಿ ಎಂದು ಕೆಲವರು ಅದನ್ನು ಹಗುರವಾಗಿ ಕಾಣುತ್ತಾರೆ. ದಾಖಲೆ ಇಡಲೇಬೇಕು ಎಂಬ ಒತ್ತಡ ಇರುವುದರಿಂದಲೇ ನೀವು ಕೇಳಿದರೆ ಕಾಲೇಜು ಇಲ್ಲ ಎನ್ನುವುದು ಕಷ್ಟ. ಇದನ್ನು ಬಳಸಿಕೊಳ್ಳಿ.

ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೂ ಸೇರಿಕೊಳ್ಳಬಹುದು. ಟೆಸ್ಟಿನಲ್ಲಿ ಗಟ್ಟಿಮಾಡಿದ ಎರಡು ಪ್ರಶ್ನೆ ಬಂದು ಅಂಕ ಚೆನ್ನಾಗಿ ಬಿದ್ದಿರುತ್ತದೆ, ವಿಷಯ ಮಾತ್ರ ತಲೆಗೆ ಹತ್ತಿರುವುದಿಲ್ಲ. ಅಂಥವರು ನೇರವಾಗಿ ಹೋಗಿ “ಸರ್, ನಾನೂ ಕೂಡತೀನ್ರಿ” ಎಂದರೆ ಸಾಕು. ಬೇಡ ಎಂದವರನ್ನು ನಾನು ಕಂಡಿಲ್ಲ.

ಎಂಜಿನಿಯರಿಂಗ್‌ನಲ್ಲಿ ನಿಯಮವೇ ನಿಮ್ಮನ್ನು ಕೂರಿಸುವ ಕೆಲವು ಕೋರ್ಸುಗಳಿವೆ. ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರಿಗೆ ಬಂದವರಿಗೆ ವಿಟಿಯುದ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮದಲ್ಲಿ, ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಒಂದು ಮತ್ತು ಎರಡು ಎಂಬ ಪತ್ರಿಕೆಗಳಿದ್ದವು. ಅವಕ್ಕೆ ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಅಂಶ) ಇಲ್ಲ. ಮುಂದಿನ ವರ್ಷಕ್ಕೆ ಹೋಗುವ ಲೆಕ್ಕಕ್ಕೂ ಅವು ಬರುವುದಿಲ್ಲ. ಆದರೆ ಪಾಸಾಗದೆ ಪದವಿ ಸಿಗುವುದಿಲ್ಲ. “ಕ್ರೆಡಿಟ್ ಇಲ್ಲಲ್ಲ, ಆಮ್ಯಾಗ ನೋಡಮು” ಎಂದು ಮುಂದೂಡಿ, ಕೊನೆಯ ವರ್ಷ ಕೈಯಲ್ಲಿ ಕೆಲಸದ ಆಫರ್ ಇಟ್ಟುಕೊಂಡು ಮೂರನೇ ಸೆಮಿಸ್ಟರಿನ ಗಣಿತಕ್ಕೆ ಕೂತವರಿದ್ದಾರೆ. ಕ್ರೆಡಿಟ್ ಇಲ್ಲದ ಕಡ್ಡಾಯ ಪತ್ರಿಕೆ ನಿಮ್ಮ ಸ್ಕೀಮಿನಲ್ಲಿ ಇದ್ದರೆ ಅದನ್ನು ಬಂದ ಸೆಮಿಸ್ಟರಿನಲ್ಲೇ ಮುಗಿಸಿ. ಕನ್ನಡ ಪತ್ರಿಕೆಯಲ್ಲೂ ಇಂಥ ವಿಂಗಡಣೆ ಇದೆ: ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. ಬೀದರಿನ ಉರ್ದು ಮಾಧ್ಯಮದವರು, ಔರಾದ್–ಭಾಲ್ಕಿ ಕಡೆಯ ಮರಾಠಿ ಮಾಧ್ಯಮದವರು ಪ್ರವೇಶದ ಹೊತ್ತಿಗೇ ತಮಗೆ ಯಾವುದು ಸರಿ ಎಂದು ನೋಡಿ ಬರೆಸಬೇಕು.

ನಿಮ್ಮ ವಿಶ್ವವಿದ್ಯಾಲಯ ಯಾವುದು, ನಿಮ್ಮ ಸ್ಕೀಮ್ ಯಾವುದು

ನಮ್ಮ ಭಾಗದಲ್ಲಿ ಈ ಪ್ರಶ್ನೆ ಕೇಳಲೇಬೇಕು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದಾಗಿನಿಂದ ಬಹುಕಾಲ ಮೂರೂ ಜಿಲ್ಲೆಯ ಪದವಿ ಕಾಲೇಜುಗಳು ಅದರಡಿಯಲ್ಲೇ ಇದ್ದವು. ಈಗ ಯಾದಗಿರಿ ಜಿಲ್ಲೆ ರಾಯಚೂರಿನ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಹೋಗಿದೆ, 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಬಂದಿದೆ. ಒಂದೇ ಕಾಲೇಜಿನಲ್ಲಿ ಓದಿದ ಅಣ್ಣನ ಮತ್ತು ತಂಗಿಯ ಅಂಕಪಟ್ಟಿಯ ಮೇಲೆ ಬೇರೆ ಬೇರೆ ವಿಶ್ವವಿದ್ಯಾಲಯದ ಹೆಸರು ಇರಬಹುದು. ಬಾಕಿ (ಬ್ಯಾಕ್‌ಲಾಗ್) ಪರೀಕ್ಷೆಯ ಅಧಿಸೂಚನೆ ನೋಡುವ ಮೊದಲು ನಿಮ್ಮ ಹಳೆಯ ಅಂಕಪಟ್ಟಿ ತೆಗೆದು, ನಿಮ್ಮ ನೋಂದಣಿ ಸಂಖ್ಯೆ ಕೊಟ್ಟದ್ದು ಯಾರು ಎಂದು ನೋಡಿಕೊಳ್ಳಿ.

ಎರಡನೆಯದು ಸ್ಕೀಮ್. ಪದವಿ ಕಾಲೇಜಿಗೆ 2021–22ರಿಂದ 2023–24ರವರೆಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮದವರು. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಹೊಸ ಪಠ್ಯಕ್ರಮ ತಂದಿತು. 2021–22ಕ್ಕೂ ಮುಂಚಿನವರದು ಬೇರೆಯದೇ. ಅಂದರೆ ಹಿರಿಯರು ಕೊಟ್ಟ ನೋಟ್ಸ್, ಅವರು ಹೇಳುವ ಪಾಸ್ ಅಂಕ, ಅವರ ಇಂಟರ್ನಲ್ಸ್ ಲೆಕ್ಕ ನಿಮಗೆ ಅನ್ವಯಿಸಲೇಬೇಕೆಂದಿಲ್ಲ. ಎನ್‌ಇಪಿ ಬ್ಯಾಚಿನ ಬಾಕಿ ಉಳಿದವರಿಗೆ ಇನ್ನೊಂದು ತೊಂದರೆ: ಈಗ ತರಗತಿಯಲ್ಲಿ ನಡೆಯುತ್ತಿರುವುದು ಹೊಸ ಪಠ್ಯ, ಅವರು ಬರೆಯಬೇಕಾದದ್ದು ಹಳೆಯದು. ಈಗಿನ ರೆಮಿಡಿಯಲ್ ತರಗತಿಗೆ ಸುಮ್ಮನೆ ಬಂದು ಕೂತರೆ ಅರ್ಧ ಪಾಠ ಕೆಲಸಕ್ಕೆ ಬರದಿರಬಹುದು. ಹಳೆಯ ಸಿಲಬಸ್ ಪ್ರತಿ ಹಿಡಿದುಕೊಂಡು ಹೋಗಿ, ಯಾವ ಘಟಕಗಳು ಎರಡರಲ್ಲೂ ಇವೆ ಎಂದು ಉಪನ್ಯಾಸಕರಿಂದ ಗುರುತು ಹಾಕಿಸಿಕೊಳ್ಳಿ. ಉಳಿದದ್ದಕ್ಕೆ ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆ ಕೇಳಿ.

ಸಿಲಬಸ್ಸಿನ ಮೊದಲ ಪುಟಗಳಲ್ಲೇ ಪರೀಕ್ಷಾ ಯೋಜನೆಯ ಕೋಷ್ಟಕ ಇರುತ್ತದೆ. ಯಾರೂ ಓದದ ಪುಟ ಅದು. ಅಲ್ಲಿಂದಲೂ ನಿಯಮಾವಳಿಯಿಂದಲೂ ಆರು ಸಂಗತಿ ಬರೆದುಕೊಳ್ಳಿ: ಕನಿಷ್ಠ ಹಾಜರಾತಿ, ಇಂಟರ್ನಲ್ಸ್‌ನ ಕನಿಷ್ಠ ಅಂಕ, ಸೆಮಿಸ್ಟರ್ ಪರೀಕ್ಷೆಯ ಕನಿಷ್ಠ ಅಂಕ, ಎರಡೂ ಸೇರಿಸಿದ ಕನಿಷ್ಠ, ಮುಂದಿನ ವರ್ಷಕ್ಕೆ ಎಷ್ಟು ಬಾಕಿ ಒಯ್ಯಬಹುದು, ಕೋರ್ಸ್ ಮುಗಿಸಲು ಒಟ್ಟು ಎಷ್ಟು ವರ್ಷ. ಈ ಆರು ಗೊತ್ತಿದ್ದರೆ ಆಫೀಸಿನ ಕಿಟಕಿಯ ಮುಂದೆ ನಿಂತು ಕೇಳಬೇಕಾದ ಮುಕ್ಕಾಲು ಪ್ರಶ್ನೆ ಉಳಿಯುವುದೇ ಇಲ್ಲ.

ಹಾಜರಾತಿ: ಎಂಟನೇ ವಾರದಲ್ಲಿ ಒಮ್ಮೆ ಕೂತು ಲೆಕ್ಕ ಹಾಕಿ

ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 75 ಬೇಕು. ವಿಟಿಯು ಕೇಳುವುದು ಶೇ. 85, ಸಕಾರಣ ಇದ್ದರೆ ಶೇ. 10ರವರೆಗೆ ವಿನಾಯಿತಿ. ವಿನಾಯಿತಿಯನ್ನು ಹಕ್ಕು ಎಂದುಕೊಳ್ಳಬೇಡಿ. ಅದಕ್ಕೆ ವೈದ್ಯಕೀಯ ಪ್ರಮಾಣಪತ್ರವೋ ಕ್ರೀಡೆ, ಎನ್‌ಎಸ್‌ಎಸ್, ಎನ್‌ಸಿಸಿ ದಾಖಲೆಯೋ ಬೇಕು, ಕಾಯಿಲೆ ಬಂದಾಗಲೇ ಕೊಟ್ಟಿರಬೇಕು. ಸೆಮಿಸ್ಟರ್ ಮುಗಿಯುವಾಗ ತಂದ ಹಳೆಯ ತಾರೀಖಿನ ಚೀಟಿಯನ್ನು ಯಾರೂ ನಂಬುವುದಿಲ್ಲ.

ಲೆಕ್ಕ ಹೀಗೆ. ವಾರಕ್ಕೆ ಮೂರು ಪಾಠ, ಹದಿನೈದು ವಾರ, ಒಟ್ಟು 45 ಪಾಠ. ಶೇ. 75 ಎಂದರೆ 34 ಪಾಠ. ಎಂಟನೇ ವಾರದ ಕೊನೆಗೆ 24 ಪಾಠ ಆಗಿವೆ, ನೀವು ಬಂದದ್ದು 14 ಎಂದುಕೊಳ್ಳಿ. ಉಳಿದದ್ದು 21. ಅಷ್ಟಕ್ಕೂ ಬಂದರೆ 35 ಆಗುತ್ತದೆ. ಅಂದರೆ ಇನ್ನು ಏಳು ವಾರದಲ್ಲಿ ತಪ್ಪಿಸಿಕೊಳ್ಳಬಹುದಾದದ್ದು ಒಂದೇ ಒಂದು ಪಾಠ. ಒಂದು ಮದುವೆ, ಒಂದು ಜಾತ್ರೆ ಬಂದರೆ ಅಲ್ಲಿಗೆ ಮುಗಿಯಿತು. ಇದೇ ಲೆಕ್ಕವನ್ನು ಹನ್ನೆರಡನೇ ವಾರದಲ್ಲಿ ಹಾಕಿದರೆ ಮಾಡಲು ಏನೂ ಉಳಿದಿರುವುದಿಲ್ಲ. ಪ್ರತಿ ವಿಷಯಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು. ಎಲ್ಲ ವಿಷಯ ಸೇರಿ 80 ಬಂದಿದೆ ಎಂಬ ಸಮಾಧಾನಕ್ಕೆ, ವಿಷಯವಾರು ಹಾಜರಾತಿ ಕೇಳುವ ಕಡೆ ಬೆಲೆ ಇಲ್ಲ.

ನಮ್ಮಲ್ಲಿ ಹಾಜರಾತಿ ಬೀಳುವ ಕಾಲ ಗೊತ್ತಿರುವಂಥದ್ದೇ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ. ಹೊಲದಲ್ಲಿ ಆಳು ಸಿಗದಿದ್ದರೆ ಮಗ ಅಥವಾ ಮಗಳು ಹೋಗಲೇಬೇಕು, ಬೇಡ ಎನ್ನಲು ನಾವು ಯಾರು? ಆದರೆ ಆ ಹದಿನೈದು ದಿನ ಬರುತ್ತದೆ ಎಂದು ಜೂನ್‌ನಲ್ಲೇ ಗೊತ್ತಿರುತ್ತದೆ. ಅದಕ್ಕಾಗಿ ಮುಂಚಿನ ತಿಂಗಳುಗಳಲ್ಲಿ ಹಾಜರಾತಿ ಉಳಿಸಿಡಿ, ಹೋಗುವ ಮೊದಲು ಮೆಂಟರ್‌ಗೆ (ನಿಮ್ಮ ಉಸ್ತುವಾರಿ ನೋಡುವ ಉಪನ್ಯಾಸಕರಿಗೆ) ಹೇಳಿ ಹೋಗಿ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ಮನೆಯವರ ಜೊತೆ ವಾರಗಟ್ಟಲೆ ಹೋಗುವವರಿಗೂ ಇದೇ ಮಾತು. ಹೇಳದೆ ಹೋದವರ ಹೆಸರಿನ ಮುಂದೆ ಬರೀ ಗೈರುಹಾಜರಿ ಕಾಣುತ್ತದೆ, ಕಾರಣ ಕಾಣುವುದಿಲ್ಲ.

ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಬಾಣಂತನದ ಕಾರಣಕ್ಕೆ ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ, ಪರೀಕ್ಷಾ ಅರ್ಜಿಯ ದಿನಾಂಕದಲ್ಲಿ ಸಡಿಲಿಕೆ ಕೊಡುವ ನಿಯಮ ಮಾಡಿಕೊಳ್ಳಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ಪ್ರಾಚಾರ್ಯರಿಗೆ ಕೊಡುವ ಅರ್ಜಿಯಲ್ಲಿ ಆ ಪತ್ರವನ್ನು ಹೆಸರಿಸಿ. ಓದು ಬಿಡುವ ಮೊದಲು ಇದನ್ನೊಮ್ಮೆ ಕೇಳಿಯೇ ನೋಡಬೇಕು.

ಇಂಟರ್ನಲ್ಸ್: ಪಾಸಾದರೂ ಫೇಲಾಗುವ ಜಾಗ

ವಿಟಿಯುದ ಈಗಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಇಂಟರ್ನಲ್ಸ್ 50ಕ್ಕೆ ಕನಿಷ್ಠ 20 ಬೇಕು. ಸೆಮಿಸ್ಟರ್ ಪರೀಕ್ಷೆ 100ಕ್ಕೆ ನಡೆಸಿ 50ಕ್ಕೆ ಇಳಿಸುತ್ತಾರೆ, ಅದರಲ್ಲಿ ಕನಿಷ್ಠ 18. ಎರಡೂ ಸೇರಿ 40 ಆಗಬೇಕು. ಈ ಮೂರನೇ ಷರತ್ತನ್ನೇ ಬಹಳ ಜನ ಮರೆಯುತ್ತಾರೆ. ಒಬ್ಬನಿಗೆ ಇಂಟರ್ನಲ್ಸ್‌ನಲ್ಲಿ ಸರಿಯಾಗಿ 20 ಬಂತು, ಪರೀಕ್ಷೆಯಲ್ಲಿ 100ಕ್ಕೆ 36 ಬಂತು, ಅಂದರೆ 18. ಎರಡರಲ್ಲೂ ಕನಿಷ್ಠ ದಾಟಿದ, ಒಟ್ಟು ಮಾತ್ರ 38. ಫೇಲು. ಅವನ ಪಕ್ಕದಲ್ಲಿ ಕೂತವನಿಗೆ ಪರೀಕ್ಷೆಯಲ್ಲಿ ಅದೇ 36, ಇಂಟರ್ನಲ್ಸ್‌ನಲ್ಲಿ 22. ಅವನು ಪಾಸ್. ಆ ಎರಡು ಅಂಕ ಒಂದು ಅಸೈನ್‌ಮೆಂಟಿನಲ್ಲಿ ಸಿಗುವಂಥದ್ದು.

ಇಂಟರ್ನಲ್ಸ್‌ನಲ್ಲಿ 20 ಕೂಡ ಬರದಿದ್ದರೆ ಆ ವಿಷಯದ ಪರೀಕ್ಷೆಗೆ ಅರ್ಹತೆಯೇ ಇಲ್ಲ. ಆ ಕೋರ್ಸ್ ಮತ್ತೆ ನಡೆಯುವಾಗ ಮರುನೋಂದಣಿ ಮಾಡಿಕೊಂಡು, ಮತ್ತೆ ತರಗತಿಗೆ ಕೂತು ಇಂಟರ್ನಲ್ಸ್ ಗಳಿಸಬೇಕು. ಪದವಿ ಕಾಲೇಜಿನಲ್ಲಿ ಇನ್ನೊಂದು ಬಗೆಯ ತೊಡಕು: ಇಂಟರ್ನಲ್ಸ್ ಅಂಕ ಒಮ್ಮೆ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮುಂದೆ ಎಷ್ಟು ಸಲ ಬಾಕಿ ಪರೀಕ್ಷೆ ಬರೆದರೂ ಅದೇ ಅಂಕ ಜೊತೆಗೆ ಬರುತ್ತದೆ.

ಆದ್ದರಿಂದ ಅಂಕ ಕಳಿಸುವ ಮೊದಲು ನಿಮಗೆ ತೋರಿಸುತ್ತಾರಲ್ಲ, ಆ ದಿನ ಕಾಲೇಜಿನಲ್ಲಿ ಇರಿ. ಉತ್ತರಪತ್ರಿಕೆ ಕೈಗೆ ತೆಗೆದುಕೊಂಡು ಕೂಡಿಸಿ ನೋಡಿ, ಅಸೈನ್‌ಮೆಂಟ್ ಅಂಕ ಸೇರಿದೆಯೇ ಎಂದು ಕೇಳಿ. ಸಹಿ ಹಾಕಿದ ಮೇಲೆ ವಾದಕ್ಕೆ ಜಾಗ ಇರುವುದಿಲ್ಲ. ಮೊದಲ ಟೆಸ್ಟ್ ಕೆಟ್ಟಿದ್ದರೆ ಸುಧಾರಣಾ ಟೆಸ್ಟ್ ಇದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ಎಷ್ಟೋ ವಿಭಾಗಗಳು ಕೇಳಿದವರಿಗೆ ಅವಕಾಶ ಕೊಡುತ್ತವೆ, ಕೇಳದವರನ್ನು ಹುಡುಕಿಕೊಂಡು ಹೋಗುವುದಿಲ್ಲ.

ರೆಮಿಡಿಯಲ್ ತರಗತಿಯಲ್ಲಿ ಏನು ಕೇಳಬೇಕು

ಬರಿಗೈಯಲ್ಲಿ ಹೋದರೆ ಅದೇ ಪಾಠ ಇನ್ನೊಮ್ಮೆ ಕೇಳಿ ಬರುತ್ತೀರಿ. ಮೊದಲ ದಿನವೇ ಟೆಸ್ಟಿನ ಉತ್ತರಪತ್ರಿಕೆ ಒಯ್ಯಿರಿ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ಓದಿಯೇ ಇರಲಿಲ್ಲ, ಓದಿದ್ದೆ ತಿಳಿಯಲಿಲ್ಲ, ತಿಳಿದಿತ್ತು ಬರೆಯಲು ಬರಲಿಲ್ಲ. ಮೊದಲನೆಯದಕ್ಕೆ ರೆಮಿಡಿಯಲ್ ಬೇಡ, ಪುಸ್ತಕ ಸಾಕು. ಎರಡನೆಯದಕ್ಕೆ ಉಪನ್ಯಾಸಕರ ಸಮಯ ಬಳಸಿ. ಮೂರನೆಯದು ನಮ್ಮ ಭಾಗದ ಮಕ್ಕಳಲ್ಲಿ ತುಂಬಾ ಇದೆ. ಶಹಾಪುರದಲ್ಲೋ ಚಿಂಚೋಳಿಯಲ್ಲೋ ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗಿ ಬಾಯಲ್ಲಿ ಕೇಳಿದರೆ ಪಟಪಟ ಹೇಳುತ್ತಾಳೆ, ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಎರಡು ಸಾಲಿಗೆ ನಿಲ್ಲುತ್ತಾಳೆ. ಅವಳಿಗೆ ಬೇಕಾದದ್ದು ಪಾಠವಲ್ಲ, ವಾರಕ್ಕೆ ಎರಡು ಉತ್ತರ ಬರೆದು ತಿದ್ದಿಸಿಕೊಳ್ಳುವುದು. ಅದನ್ನೇ ಕೇಳಿ. ಕಲಾ, ವಾಣಿಜ್ಯ ವಿಷಯಗಳಲ್ಲಿ ಕನ್ನಡದಲ್ಲಿ ಉತ್ತರಿಸಲು ಅವಕಾಶ ಇರುವ ಕಡೆ ಸಂಕೋಚ ಬಿಟ್ಟು ಕನ್ನಡದಲ್ಲೇ ಬರೆಯಿರಿ. ಪಾರಿಭಾಷಿಕ ಪದ ಮಾತ್ರ ಎರಡೂ ಭಾಷೆಯಲ್ಲಿ ಗೊತ್ತಿರಲಿ.

ಸಮಯದ್ದೇ ದೊಡ್ಡ ತೊಡಕು. ರೆಮಿಡಿಯಲ್ ಇಡುವುದು ಸಂಜೆ ನಾಲ್ಕರ ಮೇಲೆ. ಹಳ್ಳಿಗೆ ಹೋಗುವ ಬಸ್ಸು ಆ ಹೊತ್ತಿಗೇ ಬಿಡುತ್ತದೆ, ಮುಂದಿನದು ಕತ್ತಲಾದ ಮೇಲೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಚಿಂತೆ ಹೋಗಿದೆ, ಬಸ್ಸಿನ ಸಮಯದ ಚಿಂತೆ ಹೋಗಿಲ್ಲ. ರೆಮಿಡಿಯಲ್ ಬೇಕಾಗಿರುವುದು ಹೆಚ್ಚಾಗಿ ಹಳ್ಳಿಯಿಂದ ಓಡಾಡುವವರಿಗೇ, ತಪ್ಪಿಹೋಗುವುದೂ ಅವರಿಗೇ. ಇದನ್ನು ಕಾಲೇಜಿನ ಗಮನಕ್ಕೆ ತರುವುದು ನಿಮ್ಮ ಕೈಯಲ್ಲಿದೆ. ಒಬ್ಬೊಬ್ಬರೇ ಹೋಗಿ ಹೇಳಿದರೆ ನೆಪ ಅನಿಸುತ್ತದೆ, ಐದಾರು ಜನ ಸೇರಿ ಬರೆದುಕೊಡಿ. ಹೀಗೆ ಬರೆದರೆ ಸಾಕು:

‘ಮಾನ್ಯ ವಿಭಾಗ ಮುಖ್ಯಸ್ಥರಿಗೆ, ನಾವು ಮೂರನೇ ಸೆಮಿಸ್ಟರ್ ವಿದ್ಯಾರ್ಥಿಗಳು. ನಮ್ಮ ಹೆಸರು ರೆಮಿಡಿಯಲ್ ಪಟ್ಟಿಯಲ್ಲಿದೆ, ತರಗತಿಗೆ ಬರಲು ಸಿದ್ಧರಿದ್ದೇವೆ. ಸಂಜೆಯ ತರಗತಿ ಮುಗಿಯುವ ಹೊತ್ತಿಗೆ ನಮ್ಮ ಊರುಗಳಿಗೆ ಬಸ್ಸು ಇರುವುದಿಲ್ಲ. ಬೆಳಿಗ್ಗೆ ಮೊದಲ ಪಾಠಕ್ಕೆ ಮುಂಚೆ, ಇಲ್ಲವೇ ಮಧ್ಯಾಹ್ನದ ಬಿಡುವಿನಲ್ಲಿ, ಇಲ್ಲವೇ ಶನಿವಾರ ತರಗತಿ ಇಡಬೇಕೆಂದು ಕೋರುತ್ತೇವೆ. ನಮ್ಮ ಊರು ಮತ್ತು ಬಸ್ಸಿನ ಸಮಯ ಕೆಳಗೆ ಬರೆದಿದ್ದೇವೆ.’

ಕೆಳಗೆ ಹೆಸರು, ನೋಂದಣಿ ಸಂಖ್ಯೆ, ಊರು, ಬಸ್ಸಿನ ಸಮಯ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಅತಿಥಿ ಉಪನ್ಯಾಸಕರು ತಡವಾಗಿ ನೇಮಕವಾಗಿ ಪಾಠವೇ ಅರ್ಧ ಉಳಿದಿದ್ದರೆ ಅದನ್ನೂ ಇದೇ ರೀತಿ ಬರೆದುಕೊಡಿ. ಪಾಠವೇ ಆಗದ ವಿಷಯದಲ್ಲಿ ಮಕ್ಕಳನ್ನು ನಿಧಾನ ಕಲಿಕೆಯವರು ಎಂದು ಪಟ್ಟಿಗೆ ಹಾಕುವುದು ನ್ಯಾಯವಲ್ಲ. ಅದನ್ನು ವಿನಯದಿಂದ, ಆದರೆ ಲಿಖಿತವಾಗಿ ಹೇಳಬೇಕು.

ಮುಂದಿನ ವರ್ಷಕ್ಕೆ ಹೋಗುವ ಲೆಕ್ಕ

ಬೆಸ ಸೆಮಿಸ್ಟರಿನಿಂದ ಸಮ ಸೆಮಿಸ್ಟರಿಗೆ ಹೋಗಲು ಬಾಕಿ ಅಡ್ಡ ಬರುವುದಿಲ್ಲ. ಎಂಜಿನಿಯರಿಂಗ್‌ನಲ್ಲಿ ಗೋಡೆ ಇರುವುದು ವರ್ಷದಿಂದ ವರ್ಷಕ್ಕೆ. ವಿಟಿಯುದ 2018ರ ಸ್ಕೀಮಿನಲ್ಲಿ ಮೊದಲ ವರ್ಷದ ಎರಡೂ ಸೆಮಿಸ್ಟರ್ ಸೇರಿ ನಾಲ್ಕಕ್ಕಿಂತ ಹೆಚ್ಚು ಬಾಕಿ ಇದ್ದವರು ಎರಡನೇ ವರ್ಷಕ್ಕೆ ಹೋಗುವಂತಿರಲಿಲ್ಲ. ಸ್ಕೀಮ್ ಬದಲಾದಾಗ ಈ ಸಂಖ್ಯೆಯೂ ಬದಲಾಗಬಹುದು, ನಿಮ್ಮ ಬ್ಯಾಚಿನ ನಿಯಮಾವಳಿಯಲ್ಲಿ ‘ವರ್ಟಿಕಲ್ ಪ್ರೊಗ್ರೆಶನ್’ ಎಂಬ ಕಲಮು ನೋಡಿ. ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ನಿಯಮಾವಳಿ ಇರುತ್ತದೆ. ಮೇಕಪ್ ಪರೀಕ್ಷೆ, ಬೇಸಿಗೆ ಸೆಮಿಸ್ಟರ್ ಇದ್ದರೆ ಬಿಡಬೇಡಿ.

ಬಿಎ, ಬಿಕಾಂ, ಬಿಎಸ್ಸಿಯಲ್ಲಿ ಬಾಕಿ ಇಟ್ಟುಕೊಂಡೇ ಮುಂದೆ ಹೋಗಬಹುದು ಎಂಬ ಧೈರ್ಯ ಸಾಮಾನ್ಯ. ಆ ಧೈರ್ಯದ ಬೆಲೆ ಐದನೇ ಸೆಮಿಸ್ಟರಿನಲ್ಲಿ ಗೊತ್ತಾಗುತ್ತದೆ. ಈಗಿನ ಪತ್ರಿಕೆಗಳ ಜೊತೆ ಒಂದನೇ ಮತ್ತು ಮೂರನೇ ಸೆಮಿಸ್ಟರಿನ ಬಾಕಿಯೂ ಸೇರಿ ಪರೀಕ್ಷೆಗಳ ನಡುವೆ ಓದಲು ಬಿಡುವೇ ಸಿಗುವುದಿಲ್ಲ. ಒಂದು ಸಲಕ್ಕೆ ಎರಡು ಬಾಕಿಗಿಂತ ಹೆಚ್ಚು ತೆಗೆದುಕೊಳ್ಳದಿದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದರಲ್ಲೂ ಮುಂದಿನ ಪಾಠಕ್ಕೆ ಬುನಾದಿಯಾದ ವಿಷಯ ಮೊದಲು. ಮೊದಲ ಸೆಮಿಸ್ಟರಿನ ಲೆಕ್ಕಶಾಸ್ತ್ರ ಬಾಕಿ ಇಟ್ಟುಕೊಂಡು ಮೂರನೆಯದರಲ್ಲಿ ಕಂಪನಿ ಲೆಕ್ಕ ಓದುವುದು ಎರಡು ಪಟ್ಟು ಕಷ್ಟ.

ವರ್ಷ ನಿಂತುಹೋದರೆ ಹಾಸ್ಟೆಲ್ ಸೀಟು ಮತ್ತು ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನದ ನವೀಕರಣಕ್ಕೂ ತೊಡಕಾಗಬಹುದು. ಹಾಸ್ಟೆಲ್ ವಾರ್ಡನ್ ಅವರನ್ನು ಫಲಿತಾಂಶದ ವಾರವೇ ಭೇಟಿ ಮಾಡಿ.

ಫಲಿತಾಂಶ ಬಂದ ಮೇಲಿನ ಹದಿನೈದು ದಿನ

ಒಂದೆರಡು ಅಂಕದಲ್ಲಿ ಹೋಗಿದ್ದರೆ ಮೊದಲು ಉತ್ತರಪತ್ರಿಕೆಯ ಛಾಯಾಪ್ರತಿ ತರಿಸಿ, ವಿಷಯ ಕಲಿಸಿದವರಿಗೆ ತೋರಿಸಿ, ಅವರು ಹೌದು ಎಂದರೆ ಮಾತ್ರ ಮರುಮೌಲ್ಯಮಾಪನಕ್ಕೆ ಹಾಕಿ. ಕೊನೆಯ ದಿನಾಂಕ ಬೇಗ ಮುಗಿಯುತ್ತದೆ, ಹಣವೂ ಹೋಗುತ್ತದೆ. ಮರುಮೌಲ್ಯಮಾಪನದ ಫಲಿತಾಂಶ ಕಾಯುತ್ತ ಬಾಕಿ ಪರೀಕ್ಷೆಯ ಅರ್ಜಿ ತುಂಬದೆ ಬಿಡುವವರು ಪ್ರತಿ ಸಲ ಇರುತ್ತಾರೆ. ಅರ್ಜಿಯ ಕೊನೆಯ ದಿನ ನಿಮ್ಮ ಫಲಿತಾಂಶಕ್ಕಾಗಿ ಕಾಯುವುದಿಲ್ಲ. ಎರಡನ್ನೂ ಹಾಕಿ.

ಪದವಿ ಕಾಲೇಜಿನವರ ಪರೀಕ್ಷಾ ಅರ್ಜಿ ರಾಜ್ಯದ ವಿಶ್ವವಿದ್ಯಾಲಯಗಳು ಬಳಸುವ ಯುಯುಸಿಎಂಎಸ್ ಜಾಲತಾಣದಲ್ಲಿ. ಅಲ್ಲಿ ಈಗಿನ ಸೆಮಿಸ್ಟರಿನ ಪತ್ರಿಕೆಗಳ ಜೊತೆಗೆ ಬಾಕಿ ಪತ್ರಿಕೆಗಳೂ ಸೇರಿವೆಯೇ ಎಂದು ಒಂದೊಂದಾಗಿ ನೋಡಿ ಶುಲ್ಕ ಕಟ್ಟಿ. ಸೈಬರ್ ಸೆಂಟರಿನವರು ತುಂಬಿಕೊಟ್ಟರೂ ಪತ್ರಿಕೆಯ ಕೋಡ್ ಹಳೆಯ ಅಂಕಪಟ್ಟಿಯ ಜೊತೆ ನೀವೇ ತಾಳೆ ನೋಡಬೇಕು. ಹೆಸರು ಒಂದೇ ಇದ್ದು ಸ್ಕೀಮ್ ಬೇರೆಯಾದ ಪತ್ರಿಕೆಗಳಿರುತ್ತವೆ. ಕಟ್ಟಿದ ರಸೀದಿ, ಅರ್ಜಿಯ ಮುದ್ರಿತ ಪ್ರತಿ ಹಾಲ್ ಟಿಕೆಟ್ ಕೈಗೆ ಬರುವವರೆಗೂ ಇರಲಿ. ಹಾಲ್ ಟಿಕೆಟ್ಟಿನಲ್ಲಿ ಬಾಕಿ ಪತ್ರಿಕೆ ಬಿಟ್ಟುಹೋಗಿದ್ದರೆ ಪರೀಕ್ಷೆಯ ಹಿಂದಿನ ದಿನ ಅಲ್ಲ, ಬಂದ ದಿನವೇ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ.

ಓದು ಬಿಟ್ಟು ಒಂದೆರಡು ವರ್ಷ ಆದವರಿಗೆ: ಪದವಿಯ ನಿಗದಿತ ಅವಧಿ ಮುಗಿದ ಮೇಲೂ ಎರಡು ವರ್ಷ ಅವಕಾಶ ಕೊಡಬಹುದು, ವಿಶೇಷ ಸಂದರ್ಭದಲ್ಲಿ ಇನ್ನೊಂದು ವರ್ಷ ಎಂಬುದು ಯುಜಿಸಿಯ ಮಾರ್ಗಸೂಚಿ. ವಿಟಿಯುದಲ್ಲಿ ನಾಲ್ಕು ವರ್ಷದ ಬಿಇಗೆ ಒಟ್ಟು ಎಂಟು ವರ್ಷ, ಡಿಪ್ಲೊಮಾದಿಂದ ನೇರ ಬಂದವರಿಗೆ ಆರು. ಪ್ರವೇಶ ಪಡೆದ ವರ್ಷದಿಂದ ಬೆರಳು ಮಡಚಿ ಎಣಿಸಿ. ಅವಧಿ ಉಳಿದಿದ್ದರೆ ಹಳೆಯ ಅಂಕಪಟ್ಟಿಗಳನ್ನೆಲ್ಲ ತೆಗೆದುಕೊಂಡು ಈ ವಾರವೇ ಕಾಲೇಜಿಗೆ ಹೋಗಿ, ಮುಂದಿನ ಪರೀಕ್ಷಾ ಅಧಿಸೂಚನೆ ಯಾವಾಗ, ನಿಮ್ಮ ಹಳೆಯ ಸ್ಕೀಮಿನ ಪತ್ರಿಕೆಗಳು ಅದರಲ್ಲಿ ಇರುತ್ತವೆಯೇ ಎಂದು ಕೇಳಿ ಬರೆದುಕೊಳ್ಳಿ.